ಶನಿವಾರ ರಾತ್ರಿ ಏನು ನೋಡೋಣ? ಓದುಗರ ಪ್ರಶ್ನೆಗಳಿಗೆ ಉತ್ತರ

ವಾರಾಂತ್ಯದ ರಾತ್ರಿ ಮನೆಯಲ್ಲೇ ಕುಳಿತು ಸಿನಿಮಾ ನೋಡುವವರು ತಮ್ಮ ತೊಡಕುಗಳನ್ನು ಬರೆದು ಕಳುಹಿಸಬಹುದೆಂದು ಕಳೆದ ಸಂಚಿಕೆಯಲ್ಲಿ ಕೇಳಿಕೊಂಡಿದ್ದೆವು. ಬಂದ ಪತ್ರಗಳಲ್ಲಿ ಬಹುಪಾಲು ‘ಒಳ್ಳೆಯ ಚಿತ್ರಗಳ ಪಟ್ಟಿಯೊಂದನ್ನು ಕೊಡಿ’ ಎಂದೇ ಆರಂಭವಾಗಿವೆ. ಪಟ್ಟಿ ಕೊಡುವುದು ಕಷ್ಟವಲ್ಲ. ಆದರೆ ಪತ್ರಗಳನ್ನು ಒಂದೊಂದಾಗಿ ಓದುತ್ತ ಹೋದಂತೆ, ಹೆಚ್ಚಿನವರ ತೊಂದರೆ ಆರಿಸುವ ಹೊತ್ತಿನಲ್ಲೇ ಶುರುವಾಗುತ್ತದೆ ಎಂದು ನನಗೆ ಕಂಡಿತು. ಹಾಗಾಗಿ ಈ ಸಲದ ಉತ್ತರಗಳಲ್ಲಿ ಚಿತ್ರಗಳ ಹೆಸರು ಕಡಿಮೆ, ಆರಿಸುವ ಬಗೆಯ ಮಾತು ಹೆಚ್ಚು. ಪತ್ರ ಬರೆದವರ ಹೆಸರುಗಳನ್ನು ಕೈಬಿಟ್ಟಿದ್ದೇನೆ.

ಪ್ರಶ್ನೆ: ನಾವು ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಶನಿವಾರ ರಾತ್ರಿ ಒಂಬತ್ತಕ್ಕೆ ಟಿವಿ ಮುಂದೆ ಕುಳಿತರೆ ಹತ್ತಾದರೂ ಏನು ನೋಡಬೇಕೆಂದು ತೀರ್ಮಾನವಾಗುವುದಿಲ್ಲ. ಒಂದು ಆ್ಯಪ್ ಬಿಟ್ಟು ಇನ್ನೊಂದಕ್ಕೆ ಹೋಗುತ್ತೇವೆ, ಐದಾರು ಟ್ರೇಲರ್ ನೋಡುತ್ತೇವೆ, ಕೊನೆಗೆ ಏನನ್ನೂ ನೋಡದೆ ಬೇಸರದಿಂದ ಮಲಗುತ್ತೇವೆ. ಇದಕ್ಕೆ ಪರಿಹಾರವಿದೆಯೇ?

ಉತ್ತರ: ಇದೆ, ಮತ್ತು ಅದು ಬಹಳ ಸರಳವಾದದ್ದು. ಆಯ್ಕೆಯನ್ನು ಶನಿವಾರ ಒಂಬತ್ತಕ್ಕೆ ಮಾಡಬೇಡಿ, ಟಿವಿ ಪರದೆಯ ಮುಂದೆಯೂ ಮಾಡಬೇಡಿ. ವಾರದ ದಣಿವೆಲ್ಲ ಒಟ್ಟಾಗಿ ಮೈಮೇಲೆ ಕುಳಿತಿರುವ ಗಳಿಗೆಯಲ್ಲಿ ಸಾವಿರಾರು ಚಿತ್ರಗಳ ನಡುವಿನಿಂದ ಒಂದನ್ನು ಹೆಕ್ಕುವ ಕೆಲಸವನ್ನು ಯಾರಿಗೆ ಕೊಟ್ಟರೂ ಅವರು ಸೋಲುತ್ತಾರೆ. ಅದರಲ್ಲಿ ನಿಮ್ಮಿಬ್ಬರ ತಪ್ಪೇನೂ ಇಲ್ಲ.

ಆಯ್ಕೆ ಹೆಚ್ಚಾದಷ್ಟೂ ಆರಿಸುವುದು ಕಷ್ಟವೇ ಎಂಬುದನ್ನು ಮನಶ್ಶಾಸ್ತ್ರಜ್ಞರು ಪರೀಕ್ಷಿಸಿ ನೋಡಿದ್ದಾರೆ. ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಂಗಡಿಯೊಂದರಲ್ಲಿ 24 ಬಗೆಯ ಜಾಮ್ ಇಟ್ಟಾಗ ನಿಂತು ನೋಡಿದವರು ಹೆಚ್ಚು, ಕೊಂಡವರು ಕಡಿಮೆ. 6 ಬಗೆ ಮಾತ್ರ ಇಟ್ಟಾಗ ಕೊಂಡವರ ಪ್ರಮಾಣ ಬಹಳ ಮೇಲೇರಿತು. ನಂತರದ ಅಧ್ಯಯನಗಳಲ್ಲಿ ಎಲ್ಲ ಕಡೆಯೂ ಇದೇ ಫಲ ಬಂದಿಲ್ಲ ಎಂಬುದನ್ನೂ ಹೇಳಬೇಕು. ತನಗೆ ಬೇಕಾದುದು ಏನೆಂದು ಮೊದಲೇ ತಿಳಿದವನಿಗೆ ದೊಡ್ಡ ರಾಶಿ ಅಷ್ಟಾಗಿ ಬಾಧಿಸುವುದಿಲ್ಲ. ನಿಮಗೆ ಬೇಕಾದ ಸೂಕ್ಷ್ಮ ಇಲ್ಲೇ ಇದೆ: ರಾಶಿಯನ್ನು ಕಿರಿದು ಮಾಡಲು ನಮ್ಮಿಂದ ಆಗದು, ಬೇಕಾದುದನ್ನು ಮೊದಲೇ ತಿಳಿದುಕೊಂಡು ಹೋಗಲು ಆಗುತ್ತದೆ.

ನಾನು ಮಾಡುವ ಕ್ರಮವನ್ನು ಹೇಳುತ್ತೇನೆ. ಗುರುವಾರ ಸಂಜೆ ಹತ್ತು ನಿಮಿಷ ಕುಳಿತು ಒಂದು ಚೀಟಿಯ ಮೇಲೆ ಮೂರು ಚಿತ್ರಗಳ ಹೆಸರು ಬರೆಯುತ್ತೇನೆ. ಹೆಸರಿನ ಮುಂದೆ ಅದು ಎಷ್ಟು ನಿಮಿಷದ್ದು, ಯಾವ ಆ್ಯಪ್‌ನಲ್ಲಿದೆ, ಯಾರು ಹೇಳಿದ್ದು ಎಂಬ ಮೂರು ವಿವರಗಳು ಇರುತ್ತವೆ. ಚಿತ್ರ ಆ ಆ್ಯಪ್‌ನಲ್ಲಿ ಈಗಲೂ ಇದೆಯೇ ಎಂದು ಆಗಲೇ ಹುಡುಕಿ ಖಚಿತ ಮಾಡಿಕೊಳ್ಳುತ್ತೇನೆ, ಏಕೆಂದರೆ ಪರವಾನಗಿಯ ಅವಧಿ ಮುಗಿದ ಚಿತ್ರಗಳು ಸದ್ದಿಲ್ಲದೆ ಮಾಯವಾಗುತ್ತವೆ. ಶನಿವಾರ ಆ ಚೀಟಿಯನ್ನು ಮನೆಯವರ ಕೈಗೆ ಕೊಟ್ಟರೆ ಅವರು ಮೂರರಲ್ಲಿ ಒಂದಕ್ಕೆ ಗುರುತು ಹಾಕುತ್ತಾರೆ. ಮರುವಾರ ಬರೆಯುವವರು ಅವರು, ಗುರುತು ಹಾಕುವವನು ನಾನು. ಮೂರು ಬರೆದವರಿಗೂ ತಮ್ಮ ಮಾತು ನಡೆಯಿತೆಂಬ ಸಮಾಧಾನ, ಒಂದನ್ನು ಆರಿಸಿದವರಿಗೂ ತಮ್ಮ ಮಾತು ನಡೆಯಿತೆಂಬ ಸಮಾಧಾನ. ಈ ಪದ್ಧತಿ ಬಂದ ಮೇಲೆ ನಮ್ಮ ಮನೆಯಲ್ಲಿ ರಿಮೋಟ್‌ಗಾಗಿ ಮುನಿಸು ಆದದ್ದು ನೆನಪಿಲ್ಲ.

ಟಿವಿ ಹಾಕಿದ ಮೇಲೆ ಮುಖಪುಟದಲ್ಲಿ ಕೆಳಗೆ ಸರಿಯುತ್ತ ಹೋಗದೆ, ನೇರವಾಗಿ ಹುಡುಕುವ ಜಾಗಕ್ಕೆ ಹೋಗಿ ಹೆಸರನ್ನು ಒತ್ತಿರಿ. ಮುಖಪುಟದ ಪುಟ್ಟ ಚಿತ್ರಗಳು ನಮ್ಮನ್ನು ತಡೆದು ನಿಲ್ಲಿಸಲೆಂದೇ ಜೋಡಿಸಿದವು. ಒಂದೇ ಚಿತ್ರಕ್ಕೆ ಬೇರೆ ಬೇರೆ ವೀಕ್ಷಕರ ಅಭ್ಯಾಸ ನೋಡಿ ಬೇರೆ ಬೇರೆ ಮುಖಚಿತ್ರ ತೋರಿಸುವುದಾಗಿ ನೆಟ್‌ಫ್ಲಿಕ್ಸ್ 2017ರಲ್ಲಿ ತಾನೇ ವಿವರಿಸಿತ್ತು. ಪ್ರಣಯ ಚಿತ್ರಗಳನ್ನು ಹೆಚ್ಚು ನೋಡುವವರಿಗೆ ಚಿತ್ರದಲ್ಲಿ ಎರಡೇ ನಿಮಿಷ ಬರುವ ಪ್ರೇಮಿಗಳ ಮುಖ ಕಂಡರೆ, ಹಾಸ್ಯ ನೋಡುವವರಿಗೆ ಅದೇ ಚಿತ್ರದ ಹಾಸ್ಯನಟನ ಮುಖ ಕಾಣಬಹುದು. ಅದನ್ನು ನಂಬಿ ಆರಿಸಿದವರು ಬೇರೆಯೇ ಚಿತ್ರವನ್ನು ನಿರೀಕ್ಷಿಸುತ್ತ ಕೂರಬೇಕಾಗುತ್ತದೆ.

ಇನ್ನೊಂದು ಮಾತು. ಅರ್ಥಶಾಸ್ತ್ರಕ್ಕೆ 1978ರ ನೊಬೆಲ್ ಪಡೆದ ಹರ್ಬರ್ಟ್ ಸೈಮನ್, ಮನುಷ್ಯರು ಬಹುತೇಕ ಸಂದರ್ಭಗಳಲ್ಲಿ ಅತ್ಯುತ್ತಮವಾದುದನ್ನು ಹುಡುಕದೆ ‘ಇಷ್ಟಿದ್ದರೆ ಸಾಕು’ ಎಂಬ ಗೆರೆಯೊಂದನ್ನು ಹಾಕಿಕೊಂಡು, ಅದನ್ನು ದಾಟಿದ ಮೊದಲನೆಯದನ್ನು ತೆಗೆದುಕೊಳ್ಳುತ್ತಾರೆ ಎಂದು ತೋರಿಸಿದ್ದರು. ಶನಿವಾರದ ಚಿತ್ರಕ್ಕೂ ಹಾಗೆ ಒಂದು ಗೆರೆ ಹಾಕಿಕೊಳ್ಳಿ. ನನ್ನ ಗೆರೆ ಇಷ್ಟೇ: ಎರಡು ಗಂಟೆ ಮೀರಬಾರದು, ನನಗೆ ಗೊತ್ತಿರುವ ಒಬ್ಬರಾದರೂ ಅದನ್ನು ಮನಸಾರೆ ಮೆಚ್ಚಿರಬೇಕು.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಮುಂದೆ ನೋಡೋಣವೆಂದು ಉಳಿಸಿಟ್ಟ ಚಿತ್ರಗಳ ಪಟ್ಟಿ ನೂರು ದಾಟಿದೆ. ಎಲ್ಲವೂ ಜಗತ್ತು ಕೊಂಡಾಡಿದ ಗಂಭೀರ ಚಿತ್ರಗಳು. ಶನಿವಾರ ಬಂದರೆ ಮಾತ್ರ ಅವುಗಳಲ್ಲಿ ಒಂದನ್ನೂ ತೆರೆಯಲು ಮನಸ್ಸಾಗದೆ, ಹತ್ತು ಸಲ ನೋಡಿದ ಹಾಸ್ಯಚಿತ್ರವನ್ನೇ ಮತ್ತೆ ಹಾಕುತ್ತೇನೆ. ನನ್ನ ಅಭಿರುಚಿ ಕೆಟ್ಟಿತೇ?

ಉತ್ತರ: ಖಂಡಿತ ಇಲ್ಲ, ಮೇಡಂ. ನೀವು ಬರೆದಿರುವುದು ಮನುಷ್ಯ ಸ್ವಭಾವದ ಒಂದು ಗುಣವನ್ನು. ಡೇನಿಯಲ್ ರೀಡ್, ಜಾರ್ಜ್ ಲೋವೆನ್‌ಸ್ಟೀನ್ ಮತ್ತು ಅವರ ಸಹೋದ್ಯೋಗಿ 1999ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಸಿನಿಮಾ ಆಯ್ಕೆಯ ಬಗೆಗೇ ಇತ್ತು. ಇಂದು ರಾತ್ರಿಯೇ ನೋಡುವುದಕ್ಕಾದರೆ ಜನ ಹಗುರವಾದ ಚಿತ್ರವನ್ನೂ, ಕೆಲವು ದಿನ ಬಿಟ್ಟು ನೋಡುವುದಕ್ಕಾದರೆ ಗಂಭೀರ ಚಿತ್ರವನ್ನೂ ಆರಿಸುವ ಒಲವು ಅದರಲ್ಲಿ ಕಂಡುಬಂತು. ಮುಂದಿನ ವಾರದ ನಾವು ಈ ವಾರದ ನಮಗಿಂತ ಹೆಚ್ಚು ತಾಳ್ಮೆಯವರು, ಹೆಚ್ಚು ರಸಿಕರು ಎಂದು ನಮಗೆ ನಾವೇ ಅಂದುಕೊಳ್ಳುತ್ತೇವೆ. ಆ ದಿನ ಬಂದಾಗ ಅಲ್ಲಿ ಕುಳಿತಿರುವುದು ಅದೇ ದಣಿದ ಜೀವ.

ಗುರುವಾರವೇ ಆರಿಸಿ ಎಂದು ಮೇಲಿನ ಪತ್ರಕ್ಕೆ ಹೇಳಿದ್ದೇನಲ್ಲ, ಆ ಸಲಹೆಯಲ್ಲಿರುವ ಅಪಾಯವೂ ಇದೇ. ಆದ್ದರಿಂದ ಗುರುವಾರ ಚೀಟಿ ಬರೆಯುವಾಗ ಶನಿವಾರ ರಾತ್ರಿಯ ನಿಮ್ಮನ್ನು ಕಣ್ಮುಂದೆ ತಂದುಕೊಳ್ಳಿ. ಬೆನ್ನು ನೋಯುತ್ತಿರುತ್ತದೆಯೇ, ಕಣ್ಣು ಎಳೆಯುತ್ತಿರುತ್ತದೆಯೇ, ನಗಬೇಕೆನಿಸುತ್ತಿರುತ್ತದೆಯೇ ಎಂದು ಕೇಳಿಕೊಂಡು, ಮೂರು ಹೆಸರುಗಳಲ್ಲಿ ಒಂದಾದರೂ ಹಗುರವಾದದ್ದು ಇರುವಂತೆ ನೋಡಿಕೊಳ್ಳಿ. ಭಾರವಾದ ಚಿತ್ರಗಳನ್ನು ಭಾನುವಾರ ಬೆಳಿಗ್ಗೆಗೆ ಇಟ್ಟುಕೊಂಡರೆ ಅವಕ್ಕೂ ನ್ಯಾಯ ಸಲ್ಲುತ್ತದೆ. ಬೆಳಗಿನ ಹೊತ್ತು ಸಿನಿಮಾ ನೋಡಬಾರದೆಂಬ ಸಂಕೋಚವನ್ನು ನಾವು ಸುಮ್ಮನೆ ಹೊತ್ತುಕೊಂಡಿದ್ದೇವೆ.

ಗಂಭೀರ ಚಿತ್ರವೆಂದರೆ ಮೂರು ಗಂಟೆ ಎಂಬ ಅಂಜಿಕೆಯೂ ಬೇಡ. ಅಕಿರ ಕುರೊಸಾವ ಅವರ ‘ರಾಶೊಮನ್’ (1950) 88 ನಿಮಿಷದ್ದು, ವಿಟ್ಟೋರಿಯೊ ಡಿ ಸಿಕಾ ಅವರ ‘ಬೈಸಿಕಲ್ ಥೀವ್ಸ್’ (1948) ಸುಮಾರು ಒಂದೂವರೆ ಗಂಟೆಯದ್ದು. ನಿಮ್ಮ ನೂರು ಚಿತ್ರಗಳನ್ನು ಅವಧಿಯ ಪ್ರಕಾರ ಒಮ್ಮೆ ಜೋಡಿಸಿ ನೋಡಿ. ನೀವು ದೊಡ್ಡ ಬೆಟ್ಟವೆಂದು ತಿಳಿದ ಎಷ್ಟೋ ಚಿತ್ರಗಳು ಈಗಿನ ಸರಣಿಗಳ ಎರಡು ಕಂತಿಗಿಂತ ಚಿಕ್ಕವೆಂದು ಗೊತ್ತಾಗುತ್ತದೆ. ಹತ್ತು ಸಲ ನೋಡಿದ ಹಾಸ್ಯಚಿತ್ರವನ್ನು ಮಾತ್ರ ಬಿಡಬೇಡಿ. ಮುಂದೆ ಏನಾಗುವುದೆಂಬ ಆತಂಕವಿಲ್ಲದೆ ನೋಡುವ ನೆಮ್ಮದಿ ಬೇರೆಯದೇ.

ಪ್ರಶ್ನೆ: ನಮ್ಮದು ಮೂರು ತಲೆಮಾರಿನ ಮನೆ. ಮಾವನವರಿಗೆ 78 ವರ್ಷ, ಕಿವಿ ಮಂದ. ಮಗನಿಗೆ 15, ಮಗಳಿಗೆ 8. ಎಲ್ಲರೂ ಒಟ್ಟಿಗೆ ಕೂರಬೇಕೆಂಬುದು ನನ್ನ ಆಸೆ. ಮಾವನವರಿಗೆ ಮಾತು ಕೇಳಿಸದು, ಮಗಳು ಸಬ್‌ಟೈಟಲ್ ಓದುವಷ್ಟರಲ್ಲಿ ಅದು ಹೋಗಿರುತ್ತದೆ, ಮಗನಿಗೆ ಮಕ್ಕಳ ಚಿತ್ರವೆಂದರೆ ತಾತ್ಸಾರ. ಎಲ್ಲರಿಗೂ ಹಿಡಿಸುವಂಥದ್ದು ಏನಾದರೂ ಇದೆಯೇ?

ಉತ್ತರ: ಈ ಸಲ ಬಂದ ಪತ್ರಗಳಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ನಿಮ್ಮದು. ಉತ್ತರವಾಗಿ ಒಂದೇ ಚಿತ್ರದ ಹೆಸರು ಹೇಳುತ್ತೇನೆ: ಬಸ್ಟರ್ ಕೀಟನ್ ಅವರ ‘ಷರ್ಲಾಕ್ ಜೂನಿಯರ್’. 1924ರ ಮೂಕಿ ಚಿತ್ರ, ಅವಧಿ ಸುಮಾರು 45 ನಿಮಿಷ.

ಅದರಲ್ಲಿ ಚಿತ್ರಮಂದಿರದ ಪ್ರೊಜೆಕ್ಟರ್ ನಡೆಸುವ ಹುಡುಗನೊಬ್ಬ ಯಂತ್ರದ ಪಕ್ಕದಲ್ಲೇ ನಿದ್ದೆಹೋಗುತ್ತಾನೆ. ಕನಸಿನಲ್ಲಿ ಅವನು ಎದ್ದು, ಪ್ರೇಕ್ಷಕರ ನಡುವಿನ ಹಾದಿಯಲ್ಲಿ ನಡೆದು, ವೇದಿಕೆ ಹತ್ತಿ, ಪರದೆಯ ಮೇಲೆ ಓಡುತ್ತಿರುವ ಸಿನಿಮಾದೊಳಗೇ ಕಾಲಿಡುತ್ತಾನೆ. ಅಲ್ಲಿಂದ ಅವನ ಪಾಡು ನೋಡಬೇಕು. ಉದ್ಯಾನದ ಬೆಂಚಿನ ಮೇಲೆ ಕೂರಲು ಹೋದರೆ ದೃಶ್ಯ ಬದಲಾಗಿ ಬೆಂಚು ಇಲ್ಲವಾಗುತ್ತದೆ, ಅವನು ವಾಹನಗಳು ಓಡುವ ಬೀದಿಯಲ್ಲಿ ಬಿದ್ದಿರುತ್ತಾನೆ. ಸಮುದ್ರದ ನಡುವಿನ ಬಂಡೆಯಿಂದ ನೀರಿಗೆ ಧುಮುಕಿದರೆ ತಲೆ ಹೋಗಿ ಹೂತುಕೊಳ್ಳುವುದು ಹಿಮದ ರಾಶಿಯಲ್ಲಿ. ಇದನ್ನು ನೋಡಿ ನಗಲು ಎಂಟು ವರ್ಷದ ಮಗುವಿಗೆ ಯಾರೂ ಏನನ್ನೂ ವಿವರಿಸಬೇಕಾಗಿಲ್ಲ, ನಿಮ್ಮ ಮಾವನವರಿಗೆ ಒಂದು ಮಾತೂ ಕೇಳಿಸಬೇಕಾಗಿಲ್ಲ. ನಡುನಡುವೆ ಬರುವ ಬರಹದ ಫಲಕಗಳನ್ನು ನಿಮ್ಮ ಮಗ ಗಟ್ಟಿಯಾಗಿ ಓದಿ ಹೇಳಲಿ. ಆ ಕೆಲಸ ಸಿಕ್ಕರೆ ಅವನೂ ಎದ್ದು ಹೋಗಲಾರ. ಕಂಪ್ಯೂಟರ್ ಎಂಬುದೇ ಇಲ್ಲದ ಕಾಲದಲ್ಲಿ ಇದನ್ನು ಹೇಗೆ ಮಾಡಿದರೆಂದು ಅವನನ್ನೇ ಕೇಳಿ. ಚಿತ್ರೀಕರಣದಲ್ಲಿ ನೀರಿನ ಟ್ಯಾಂಕಿನ ದೊಡ್ಡ ಕೊಳವೆಯಿಂದ ಸುರಿದ ನೀರಿನ ರಭಸಕ್ಕೆ ಕೀಟನ್ ಹಳಿಯ ಮೇಲೆ ಬಿದ್ದು ಕುತ್ತಿಗೆಯ ಮೂಳೆ ಮುರಿದುಕೊಂಡಿದ್ದರು, ಅದು ಅವರಿಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ ವೈದ್ಯರು ಎಕ್ಸ್‌ರೇ ತೆಗೆದಾಗ ಎಂಬುದನ್ನೂ ಅವನಿಗೆ ಹೇಳಬಹುದು. ಹಕ್ಕುಸ್ವಾಮ್ಯದ ಅವಧಿ ಮುಗಿದಿರುವುದರಿಂದ ಇದು ಅಂತರ್ಜಾಲದಲ್ಲಿ ಉಚಿತವಾಗಿಯೇ ಸಿಗುತ್ತದೆ.

ಮುಂದಿನ ವಾರಗಳಿಗೂ ಒಂದು ಉಪಾಯವಿದೆ. ಒಂದೇ ಚಿತ್ರ ಎಲ್ಲರನ್ನೂ ಮೂರು ಗಂಟೆ ಹಿಡಿದಿಡಬೇಕೆಂದು ಹಟ ಹಿಡಿಯದೆ ರಾತ್ರಿಯನ್ನೇ ಎರಡು ಭಾಗ ಮಾಡಿ. ಮೊದಲ ಮುಕ್ಕಾಲು ಗಂಟೆ ಎಲ್ಲರಿಗೂ ಸೇರಿದ್ದು. ಅದು ಮೂಕಿ ಚಿತ್ರವಿರಬಹುದು, ಕಾಡುಪ್ರಾಣಿಗಳ ಸಾಕ್ಷ್ಯಚಿತ್ರವಿರಬಹುದು, ಮಾತಿಲ್ಲದ ಆ್ಯನಿಮೇಷನ್ ಇರಬಹುದು. ಮಗಳೂ ಮಾವನವರೂ ಮಲಗಲು ಹೋದ ಮೇಲಿನ ಭಾಗಕ್ಕೆ ಮಗ ಹೇಳಿದ್ದೇ ಚಿತ್ರ. ಮಾತಿನ ಚಿತ್ರವನ್ನೇ ನೋಡುವ ದಿನ, ಸಬ್‌ಟೈಟಲ್ ಪಟ್ಟಿಯಲ್ಲಿ ‘ಸಿಸಿ’ ಅಥವಾ ‘ಎಸ್‌ಡಿಎಚ್’ ಎಂದಿರುವುದನ್ನು ಆರಿಸಿ. ಶ್ರವಣದೋಷವುಳ್ಳವರಿಗಾಗಿ ಮಾಡಿದ ಈ ಬಗೆಯಲ್ಲಿ ಮಾತಿನ ಜೊತೆಗೆ ‘ಬಾಗಿಲು ಬಡಿದ ಸದ್ದು’, ‘ದೂರದಲ್ಲಿ ನಗು’ ಎಂಬಂಥ ಶಬ್ದಗಳನ್ನೂ ಬರೆದು ತೋರಿಸುತ್ತಾರೆ. ಅಕ್ಷರದ ಗಾತ್ರವನ್ನು ದೊಡ್ಡದು ಮಾಡುವ ಸೌಲಭ್ಯ ಹೆಚ್ಚಿನ ಆ್ಯಪ್‌ಗಳಲ್ಲಿದೆ.

ಪ್ರಶ್ನೆ: ರೇಟಿಂಗ್ ನೋಡಿ ಚಿತ್ರ ಆರಿಸುವುದು ಸರಿಯೇ? ಶೇ 95 ಎಂದಿದ್ದ ಚಿತ್ರ ನನಗೆ ಸಪ್ಪೆಯಾಗಿ ಕಂಡಿತು.

ಉತ್ತರ: ಆ ಅಂಕಿ ಏನನ್ನು ಅಳೆಯುತ್ತದೆ ಎಂದು ತಿಳಿದಿದ್ದರೆ ಸರಿ. ವಿಮರ್ಶೆಗಳನ್ನು ಒಟ್ಟುಗೂಡಿಸುವ ಜಾಲತಾಣ ರಾಟನ್ ಟೊಮ್ಯಾಟೋಸ್ ತೋರಿಸುವ ಶೇಕಡಾವಾರು ಚಿತ್ರಕ್ಕೆ ಸಿಕ್ಕ ಅಂಕವೇ ಅಲ್ಲ; ವಿಮರ್ಶಕರಲ್ಲಿ ಎಷ್ಟು ಮಂದಿ ಒಟ್ಟಿನಲ್ಲಿ ಮೆಚ್ಚಿದರು ಎಂಬ ಲೆಕ್ಕ. ನೂರು ವಿಮರ್ಶಕರೂ ‘ಪರವಾಗಿಲ್ಲ, ನೋಡಬಹುದು’ ಎಂದಷ್ಟೇ ಬರೆದರೂ ಚಿತ್ರಕ್ಕೆ ಶೇ 100 ಬರುತ್ತದೆ. ಅರುವತ್ತು ಮಂದಿ ಕುಣಿದಾಡಿ ಮೆಚ್ಚಿ, ನಲವತ್ತು ಮಂದಿ ತಿರಸ್ಕರಿಸಿದ ಚಿತ್ರಕ್ಕೆ ಶೇ 60 ಮಾತ್ರ. ಇವೆರಡರಲ್ಲಿ ಶನಿವಾರ ರಾತ್ರಿ ನಾನು ಹಾಕುವುದು ಎರಡನೆಯದನ್ನು, ಏಕೆಂದರೆ ಅದರಲ್ಲಿ ಯಾರನ್ನೋ ಆಳವಾಗಿ ಮುಟ್ಟಿದ ಏನೋ ಒಂದು ಇದೆ. ಸಿನಿಮಾ ಮಾಹಿತಿಯ ಜಾಲತಾಣ ಐಎಂಡಿಬಿಯ ಅಂಕ ಸಾಮಾನ್ಯ ವೀಕ್ಷಕರು ಹತ್ತಕ್ಕೆ ಇಷ್ಟೆಂದು ಕೊಟ್ಟದ್ದರ ತೂಕ ಹಾಕಿದ ಸರಾಸರಿ. ಅಲ್ಲಿ ಸರಾಸರಿಗಿಂತ, ಒಂದರಿಂದ ಹತ್ತರವರೆಗೆ ಯಾವ ಅಂಕಕ್ಕೆ ಎಷ್ಟು ಮತ ಬಿದ್ದಿದೆ ಎಂಬ ಪಟ್ಟಿಯನ್ನು ನೋಡುವುದು ಹೆಚ್ಚು ಉಪಯುಕ್ತ.

ಇವೆಲ್ಲಕ್ಕಿಂತ ಮೇಲಾದದ್ದು ಒಬ್ಬ ನಂಬಿಕೆಯ ವಿಮರ್ಶಕ. ಅವರ ಅಭಿರುಚಿ ನಿಮ್ಮದರಂತೆಯೇ ಇರಬೇಕೆಂದೇನಿಲ್ಲ, ಅದು ಯಾವ ದಿಕ್ಕಿನದು ಎಂದು ನಿಮಗೆ ಗೊತ್ತಿದ್ದರೆ ಸಾಕು. ನಾನು ಹಲವು ವರ್ಷಗಳಿಂದ ಓದುವ ವಿಮರ್ಶಕರೊಬ್ಬರು ‘ಬಹಳ ನಿಧಾನ’ ಎಂದು ಬರೆದರೆ ಆ ಚಿತ್ರ ಕೂಡಲೇ ನನ್ನ ಚೀಟಿಗೆ ಬರುತ್ತದೆ.

ಪ್ರಶ್ನೆ: ಹೊಸ ದೊಡ್ಡ ಟಿವಿ ತಂದಿದ್ದೇವೆ. ಸಂಗೀತ ಬಂದಾಗ ಮನೆ ನಡುಗುತ್ತದೆ, ಮಾತು ಬಂದಾಗ ಏನೂ ಕೇಳಿಸುವುದಿಲ್ಲ. ಜೊತೆಗೆ ಒಳ್ಳೆಯ ಸಿನಿಮಾಗಳೂ ಧಾರಾವಾಹಿಯ ಹಾಗೆ ಕಾಣುತ್ತವೆ. ಟಿವಿ ಕೆಟ್ಟಿದೆಯೇ?

ಉತ್ತರ: ಟಿವಿ ಚೆನ್ನಾಗಿಯೇ ಇದೆ, ಸೆಟ್ಟಿಂಗ್ಸ್ ಸರಿಯಿಲ್ಲ. ಇದನ್ನು ನಾನು ಚಿಕ್ಕ ವಿಷಯವೆಂದು ತಿಳಿದಿಲ್ಲ. ನೋಡಿದ್ದು ಹಿಡಿಸಲಿಲ್ಲ ಎನ್ನುವ ಎಷ್ಟೋ ಜನರ ದೂರು ನಿಜವಾಗಿ ಕೇಳಿಸಲಿಲ್ಲ, ಕಾಣಿಸಲಿಲ್ಲ ಎಂಬುದೇ ಆಗಿರುತ್ತದೆ.

ಮೊದಲು ಧ್ವನಿ. ಈಗಿನ ಚಿತ್ರಗಳ ಧ್ವನಿಯನ್ನು ಸುತ್ತಲೂ ಸ್ಪೀಕರ್ ಇರುವ ಏರ್ಪಾಡಿಗೆಂದು ಸಿದ್ಧಪಡಿಸಿರುತ್ತಾರೆ. 5.1 ಎಂದರೆ ಐದು ಸ್ಪೀಕರ್, ಜೊತೆಗೊಂದು ತಗ್ಗುಸ್ವರದ ಸ್ಪೀಕರ್. ಅದರಲ್ಲಿ ಮಾತು ಬಹುಮಟ್ಟಿಗೆ ನಡುವಿನ ಸ್ಪೀಕರಿನಿಂದ ಬರುತ್ತದೆ. ನಿಮ್ಮ ತೆಳುವಾದ ಟಿವಿಯಲ್ಲಿ ನಡುವಿನ ಸ್ಪೀಕರ್ ಇಲ್ಲ, ಇರುವ ಎರಡು ಚಿಕ್ಕ ಸ್ಪೀಕರ್‌ಗಳೂ ನೆಲಕ್ಕೋ ಹಿಂದಿನ ಗೋಡೆಗೋ ಮುಖ ಮಾಡಿರುತ್ತವೆ. ಆದ್ದರಿಂದ ಆ್ಯಪ್‌ನ ಆಡಿಯೊ ಪಟ್ಟಿಯಲ್ಲಿ ‘5.1’ ಎಂದಿದ್ದರೆ ಅದನ್ನು ಬಿಟ್ಟು, ಎರಡು ಸ್ಪೀಕರ್‌ಗೆಂದು ಇರುವ ಸ್ಟೀರಿಯೊ ಆರಿಸಿ. ಟಿವಿಯ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ‘ಕ್ಲಿಯರ್ ವಾಯ್ಸ್’, ‘ಡೈಲಾಗ್’ ಅಥವಾ ‘ನೈಟ್ ಮೋಡ್’ ಎಂಬುದೇನಾದರೂ ಇದ್ದರೆ ಅದನ್ನು ಹಾಕಿ ನೋಡಿ; ಕೊನೆಯದು ಗಟ್ಟಿ ಸದ್ದನ್ನು ತಗ್ಗಿಸಿ ಮೆಲುದನಿಯನ್ನು ಏರಿಸುತ್ತದೆ. ಇಷ್ಟಾದ ಮೇಲೂ ಸರಿಹೋಗದಿದ್ದರೆ ಮಾತ್ರ ಸೌಂಡ್‌ಬಾರ್‌ನ, ಅಂದರೆ ಟಿವಿಯ ಮುಂದಿಡುವ ಉದ್ದನೆಯ ಸ್ಪೀಕರಿನ, ಯೋಚನೆ ಮಾಡಿ.

ಇನ್ನು ಚಿತ್ರ. ಸಿನಿಮಾವನ್ನು ಸಾಮಾನ್ಯವಾಗಿ ಸೆಕೆಂಡಿಗೆ 24 ಫ್ರೇಮ್‌ಗಳಂತೆ ಚಿತ್ರೀಕರಿಸುತ್ತಾರೆ. ಹೊಸ ಟಿವಿಗಳು ಆ ಫ್ರೇಮ್‌ಗಳ ನಡುವೆ ತಾವೇ ಊಹಿಸಿದ ಫ್ರೇಮ್‌ಗಳನ್ನು ಸೇರಿಸಿ ಚಲನೆಯನ್ನು ನಯ ಮಾಡುತ್ತವೆ. ಕ್ರೀಡೆಗೆ ಅದು ಚೆಂದ. ಸಿನಿಮಾದಲ್ಲಿ ಮಾತ್ರ ಎಲ್ಲವೂ ಸ್ಟುಡಿಯೊದಲ್ಲಿ ವಿಡಿಯೊ ಕ್ಯಾಮೆರಾ ಇಟ್ಟು ತೆಗೆದಂತೆ ಕಾಣತೊಡಗುತ್ತದೆ. ಇದನ್ನು ಸ್ಯಾಮ್‌ಸಂಗ್ ‘ಆಟೊ ಮೋಷನ್ ಪ್ಲಸ್’ ಎಂದೂ, ಎಲ್‌ಜಿ ‘ಟ್ರೂಮೋಷನ್’ ಎಂದೂ, ಸೋನಿ ‘ಮೋಷನ್‌ಫ್ಲೋ’ ಎಂದೂ ಕರೆಯುತ್ತವೆ. ಅದನ್ನು ಆಫ್ ಮಾಡಿ. ‘ಫಿಲ್ಮ್‌ಮೇಕರ್ ಮೋಡ್’ ಎಂಬ ಆಯ್ಕೆ ಇದ್ದರೆ ಅದೊಂದನ್ನು ಒತ್ತಿದರೆ ಸಾಕು. ನಿರ್ದೇಶಕರು ಬಯಸಿದಂತೆಯೇ ಚಿತ್ರ ಕಾಣಲೆಂದು 2019ರಲ್ಲಿ ಪ್ರಕಟಿಸಿದ ವ್ಯವಸ್ಥೆಯಿದು. ಬಣ್ಣ ಮೊದಲ ನೋಟಕ್ಕೆ ಸ್ವಲ್ಪ ಮಂಕಾಗಿ, ಹಳದಿಯಾಗಿ ಕಾಣಬಹುದು. ಹದಿನೈದು ನಿಮಿಷ ತಾಳಿಕೊಳ್ಳಿ, ಕಣ್ಣು ಹೊಂದಿಕೊಳ್ಳುತ್ತದೆ.

ಪ್ರಶ್ನೆ: ಒಂದೇ ಕಂತು ನೋಡೋಣವೆಂದು ಸರಣಿ ಶುರು ಮಾಡಿದರೆ ರಾತ್ರಿ ಮೂರು ಗಂಟೆಯಾಗುತ್ತದೆ. ಭಾನುವಾರವೆಲ್ಲ ತಲೆನೋವು. ನಿಲ್ಲಿಸುವುದು ಹೇಗೆ?

ಉತ್ತರ: ಕಂತಿನ ಕೊನೆಯಲ್ಲಿ ನಿಲ್ಲಿಸಲು ಹೋಗಬೇಡಿ, ಅಲ್ಲಿ ನಿಲ್ಲಿಸಲು ಆಗದಂತೆಯೇ ಬರೆದಿರುತ್ತಾರೆ. ಮುಂದಿನ ಕಂತಿನ ಮೊದಲ ಹತ್ತು ನಿಮಿಷ ನೋಡಿ ನಿಲ್ಲಿಸಿ. ಹಿಂದಿನ ಕಂತು ಹಾಕಿದ ಗಂಟು ಅಷ್ಟರಲ್ಲಿ ಬಿಚ್ಚಿಕೊಂಡಿರುತ್ತದೆ, ಹೊಸ ಗಂಟು ಇನ್ನೂ ಬಿಗಿದಿರುವುದಿಲ್ಲ. ಎರಡು ತಿಂಗಳಿಂದ ಒಂದು ಸರಣಿಯನ್ನು ಈ ರೀತಿಯಲ್ಲೇ ನೋಡುತ್ತಿದ್ದೇನೆ, ಒಂದು ದಿನವೂ ಹನ್ನೊಂದೂವರೆ ದಾಟಿಲ್ಲ.

ಜೊತೆಗೆ, ಮುಂದಿನ ಕಂತು ತಾನಾಗಿಯೇ ಶುರುವಾಗುವ ‘ಆಟೊಪ್ಲೇ’ಯನ್ನು ಪ್ರೊಫೈಲ್ ಸೆಟ್ಟಿಂಗ್ಸ್‌ಗೆ ಹೋಗಿ ಆಫ್ ಮಾಡಿ. 2013ರ ಫೆಬ್ರುವರಿ 1ರಂದು ನೆಟ್‌ಫ್ಲಿಕ್ಸ್ ತನ್ನ ರಾಜಕೀಯ ಸರಣಿಯೊಂದರ 13 ಕಂತುಗಳನ್ನೂ ಒಂದೇ ದಿನ ಬಿಡುಗಡೆ ಮಾಡಿತು. ಒಂದೇ ಕೂರುವಿಕೆಯಲ್ಲಿ ಸರಣಿ ಮುಗಿಸುವ ಅಭ್ಯಾಸ ಬೆಳೆದದ್ದು ಹೆಚ್ಚಾಗಿ ಆ ಬಳಿಕ. ವಾರಕ್ಕೊಂದು ಕಂತಿಗಾಗಿ ಕಾಯುತ್ತಿದ್ದ ಕಾಲದ ಕಥೆಗಳು ನಮ್ಮ ನೆನಪಿನಲ್ಲಿ ಇನ್ನೂ ಗಟ್ಟಿಯಾಗಿ ಉಳಿದಿರುವುದಕ್ಕೆ ಆ ಕಾಯುವಿಕೆಯೂ ಕಾರಣವಿರಬೇಕು.

ಪ್ರಶ್ನೆ: ಚಿತ್ರ ಹಿಡಿಸದಿದ್ದರೆ ಅರ್ಧಕ್ಕೇ ಬಿಡಬಹುದೇ?

ಉತ್ತರ: ಬಿಡಬಹುದು. ಮೊದಲ ಕಾಲುಭಾಗವನ್ನು ಮಾತ್ರ ಶ್ರದ್ಧೆಯಿಂದ ನೋಡಿ, ಏಕೆಂದರೆ ಸಾಮಾನ್ಯವಾಗಿ ಅಷ್ಟರವರೆಗೆ ಕಥೆ ತನ್ನ ಸಾಮಾನುಗಳನ್ನು ಹೊಂದಿಸಿಕೊಳ್ಳುತ್ತಿರುತ್ತದೆ. ಆಮೇಲೂ ಮನಸ್ಸು ಹತ್ತದಿದ್ದರೆ ಚೀಟಿಯ ಎರಡನೆಯ ಹೆಸರಿಗೆ ಹೋಗಿ. ಮುಖಪುಟಕ್ಕೆ ಮರಳಬೇಡಿ.

ಪ್ರಶ್ನೆ: ನನ್ನವರು ಸಿನಿಮಾ ನೋಡುತ್ತಲೇ ಮೊಬೈಲ್ ನೋಡುತ್ತಾರೆ. ನಡುವೆ ‘ಇವನು ಯಾರು, ಏನಾಯಿತು’ ಎಂದು ಕೇಳುತ್ತಾರೆ. ನನಗೂ ನೋಡಿದ ತೃಪ್ತಿ ಇಲ್ಲ, ಅವರಿಗೂ ಇಲ್ಲ.

ಉತ್ತರ: ಬೈದರೆ ಮೊಬೈಲ್ ಕೆಳಗಿಡುವವರು ಕಡಿಮೆ, ಕಣ್ಣಿಗೆ ಒಂದು ಕೆಲಸ ಕೊಟ್ಟು ನೋಡಿ. ಒಂದು ಉದಾಹರಣೆ ಕೊಡುತ್ತೇನೆ. ಸಿಡ್ನಿ ಲುಮೆಟ್ ನಿರ್ದೇಶನದ ‘12 ಆ್ಯಂಗ್ರಿ ಮೆನ್’ (1957) 96 ನಿಮಿಷದ ಚಿತ್ರ. ಕೊಲೆಯ ಆರೋಪ ಹೊತ್ತ ಹುಡುಗನ ಬಗ್ಗೆ ಹನ್ನೆರಡು ಮಂದಿ ಜ್ಯೂರಿ ಸದಸ್ಯರು ಒಂದು ಕೋಣೆಯಲ್ಲಿ ಕುಳಿತು ವಾದಿಸುವುದೇ ಹೆಚ್ಚುಕಡಿಮೆ ಇಡೀ ಕಥೆ. ಲುಮೆಟ್ ಮೊದಲ ಮೂರನೆಯ ಒಂದು ಭಾಗವನ್ನು ಕಣ್ಣಿನ ಮಟ್ಟಕ್ಕಿಂತ ಮೇಲಿನಿಂದಲೂ, ನಡುವಿನದನ್ನು ಕಣ್ಣಿನ ಮಟ್ಟದಲ್ಲೂ, ಕೊನೆಯದನ್ನು ಅದಕ್ಕಿಂತ ಕೆಳಗಿನಿಂದಲೂ ಚಿತ್ರೀಕರಿಸಿದರು, ಮಸೂರಗಳನ್ನೂ ಬದಲಿಸುತ್ತ ಹೋದರು. ಅದರಿಂದ ಕೊನೆಕೊನೆಗೆ ಕೋಣೆಯ ಚಾವಣಿ ಕಾಣತೊಡಗುತ್ತದೆ, ಗೋಡೆಗಳು ಹತ್ತಿರ ಬಂದಂತಾಗಿ ಉಸಿರು ಕಟ್ಟುತ್ತದೆ. ಚಿತ್ರ ಹಾಕುವ ಮೊದಲು ನಿಮ್ಮವರಿಗೆ ಇಷ್ಟು ಹೇಳಿ: ‘ಚಾವಣಿ ಮೊದಲು ಕಾಣುವುದು ಯಾವಾಗ ಎಂದು ನೋಡಿ, ನಾನೂ ನೋಡುತ್ತೇನೆ.’ ಒಂದು ಕಣ್ಣು ಮೊಬೈಲಿನ ಮೇಲಿದ್ದರೆ ಅದನ್ನು ಹಿಡಿಯಲು ಆಗದು.

ಎಲ್ಲ ಚಿತ್ರಗಳ ಬಗ್ಗೆಯೂ ಹೀಗೆ ಮೊದಲೇ ತಿಳಿದಿರುವುದಿಲ್ಲ, ನಿಜ. ಆಗ ಸಬ್‌ಟೈಟಲ್ ಇಲ್ಲದೆ ಅರ್ಥವಾಗದ, ಅನ್ಯಭಾಷೆಯ ಚಿತ್ರವನ್ನು ಹಾಕಿ. ಕಣ್ಣು ತೆಗೆದರೆ ಕಥೆ ತಪ್ಪುತ್ತದೆಯಾದ್ದರಿಂದ ಕೈಯಲ್ಲಿನ ಮೊಬೈಲ್ ತಾನಾಗಿಯೇ ಪಕ್ಕಕ್ಕೆ ಹೋಗುತ್ತದೆ. ಮಧ್ಯೆ ಐದು ನಿಮಿಷದ ವಿರಾಮ ಕೊಡುವುದನ್ನೂ ಮರೆಯಬೇಡಿ. ಕಾದಿರುವ ಕರೆ, ಸಂದೇಶಗಳಿಗೆ ಒಂದು ಹೊತ್ತು ಗೊತ್ತಾಗಿದ್ದರೆ ಮನಸ್ಸು ತಡಕಾಡುವುದಿಲ್ಲ.

ಪ್ರಶ್ನೆ: ನನ್ನ ತಾಯಿಗೆ ಸಿನಿಮಾ ಎಂದರೆ ಪ್ರಾಣ. ಎರಡು ವರ್ಷಗಳಿಂದ ದೃಷ್ಟಿ ಬಹುಮಟ್ಟಿಗೆ ಹೋಗಿದೆ. ನಾವು ಟಿವಿ ಹಾಕಿದರೆ ಎದ್ದು ಒಳಕೋಣೆಗೆ ಹೋಗಿಬಿಡುತ್ತಾರೆ. ಅವರನ್ನು ಮತ್ತೆ ನಮ್ಮ ಜೊತೆ ಕೂರಿಸಿಕೊಳ್ಳಲು ದಾರಿ ಇದೆಯೇ?

ಉತ್ತರ: ಇದೆ, ದಯವಿಟ್ಟು ಈ ಶನಿವಾರವೇ ಪ್ರಯತ್ನಿಸಿ. ಮಾತು ಮಾತಿನ ನಡುವಿನ ಮೌನದಲ್ಲಿ, ಪರದೆಯ ಮೇಲೆ ನಡೆಯುತ್ತಿರುವುದನ್ನು ಒಂದು ದನಿ ವಿವರಿಸುತ್ತ ಹೋಗುವ ‘ಆಡಿಯೊ ಡಿಸ್ಕ್ರಿಪ್ಷನ್’ ಎಂಬ ವ್ಯವಸ್ಥೆ ದೃಷ್ಟಿ ಇಲ್ಲದವರಿಗೆಂದೇ ಇದೆ. ‘ಅವನು ಕಿಟಕಿಯ ಬಳಿ ಹೋಗುತ್ತಾನೆ, ಪರದೆ ಸರಿಸುತ್ತಾನೆ’ ಎಂಬ ರೀತಿಯ ಚಿಕ್ಕ ವಾಕ್ಯಗಳು. ನೆಟ್‌ಫ್ಲಿಕ್ಸ್ 2015ರಲ್ಲಿ ಇದನ್ನು ಆರಂಭಿಸಿತು, ಇತರ ದೊಡ್ಡ ಆ್ಯಪ್‌ಗಳಲ್ಲಿಯೂ ಈಗ ಇದು ಸಿಗುತ್ತದೆ. ಭಾಷೆ ಆರಿಸುವ ಆಡಿಯೊ ಪಟ್ಟಿಯಲ್ಲೇ ಅದರ ಹೆಸರೂ ಇರುತ್ತದೆ. ಎಲ್ಲ ಚಿತ್ರಕ್ಕೂ, ಎಲ್ಲ ಭಾಷೆಗೂ ಇಲ್ಲವಾದ್ದರಿಂದ ಗುರುವಾರದ ಹತ್ತು ನಿಮಿಷದಲ್ಲಿ ಇದನ್ನೂ ನೋಡಿಟ್ಟುಕೊಳ್ಳಿ.

ಅದು ಸಿಗದಿದ್ದಾಗ ಮಾತಿನ ಮೇಲೆಯೇ ನಿಂತ ಚಿತ್ರಗಳನ್ನು ಆರಿಸಿ. ನ್ಯಾಯಾಲಯದ ಕಥೆಗಳು, ಒಂದೇ ಮನೆಯೊಳಗೆ ನಡೆಯುವ ಕಥೆಗಳು, ರಂಗನಾಟಕದಿಂದ ಬಂದ ಚಿತ್ರಗಳು ಇದಕ್ಕೆ ಹೊಂದುತ್ತವೆ. ನಿಮ್ಮ ತಾಯಿಯವರು ಕಣ್ಣು ಚೆನ್ನಾಗಿದ್ದ ಕಾಲದಲ್ಲಿ ಮೆಚ್ಚಿ ನೋಡಿದ್ದ ಚಿತ್ರಗಳಿಂದ ಶುರು ಮಾಡಿದರೆ ಇನ್ನೂ ಒಳ್ಳೆಯದು, ಮುಖಗಳು ಅವರಿಗೆ ಮೊದಲೇ ಪರಿಚಿತವಾಗಿರುತ್ತವೆ. ನೀವು ಅವರ ಪಕ್ಕದಲ್ಲಿ ಕುಳಿತು ಮಾತಿಲ್ಲದ ಕಡೆ ಮೆಲ್ಲಗೆ ವಿವರಿಸಿ. ಆದರೆ ಪರದೆಯ ಮೇಲೆ ಕಾಣುವುದನ್ನು ಮಾತ್ರ ಹೇಳಿ. ‘ಅವಳಿಗೆ ದುಃಖವಾಗಿದೆ’ ಎನ್ನಬೇಡಿ, ‘ಅವಳು ಪತ್ರ ಮಡಿಸಿದಳು, ಮತ್ತೆ ಬಿಚ್ಚಿದಳು’ ಎನ್ನಿ. ಉಳಿದುದನ್ನು ಇಷ್ಟು ವರ್ಷ ಸಿನಿಮಾ ನೋಡಿದ ಆ ತಾಯಿ ನಿಮಗಿಂತ ಚೆನ್ನಾಗಿ ತಿಳಿದುಕೊಳ್ಳುತ್ತಾರೆ.

ಮೊದಲ ಚಿತ್ರವನ್ನು ಅವರೇ ಆರಿಸಲಿ. ಯಾವುದನ್ನು ಆರಿಸಿದರು, ಕೊನೆಯವರೆಗೂ ಕುಳಿತರೇ ಎಂದು ನನಗೆ ಬರೆದು ತಿಳಿಸಿ.